ನೀತಿಸಂಹಿತೆ ಕಬ್ಬಿನ ಹೊಲಕ್ಕೂ ಇಳಿಯಲಿ

ಕಬ್ಬು ನುರಿಸುವ ಹಂಗಾಮು ಹತ್ತಿರವಾಗುತ್ತಿದ್ದಂತೆ ಉತ್ತರ ಕರ್ನಾಟಕದಲ್ಲಿ ಒಂದೇ ಪ್ರಶ್ನೆ ಬೀದಿಗೆ ಬರುತ್ತದೆ: ಟನ್ ಕಬ್ಬಿಗೆ ಬೆಲೆ ಎಷ್ಟು? 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ನಡೆಸಿದ ಧರಣಿ ರಾಜ್ಯ ಸರ್ಕಾರವೇ ಮಧ್ಯ ಪ್ರವೇಶಿಸುವಂತೆ ಮಾಡಿತು. ಟನ್ನಿಗೆ 3,300 ರೂಪಾಯಿಯ ಸೂತ್ರವೊಂದು ಹೊರಬಿದ್ದಿತು. ರೈತರ ಬೇಡಿಕೆ ನ್ಯಾಯವಾದುದೇ. ಆದರೆ ಆ ಕಬ್ಬನ್ನು ಕಡಿದವರು ಯಾರು, ಅವರಿಗೆ ಸಿಕ್ಕ ಕೂಲಿ ಎಷ್ಟು, ಅವರ ಕಷ್ಟಸುಖಕ್ಕೆ ಹೊಣೆಗಾರರು ಯಾರು ಎಂಬ ಪ್ರಶ್ನೆಗಳು ಮಾತ್ರ ಯಾವ ಧರಣಿಯ ಬೇಡಿಕೆ ಪಟ್ಟಿಯಲ್ಲೂ ಮೇಲಿನ ಸಾಲಿಗೆ ಬಂದಂತಿಲ್ಲ.

ಈ ಪ್ರಶ್ನೆಗಳನ್ನು ಇಂದು ಕೇಳಲೇಬೇಕಾದ ಕಾರಣವಿದೆ. ಕೈಗಾರಿಕಾ ಕಂಪನಿಗಳು ಈಗ ‘ಸುಸ್ಥಿರತೆ’ ಮತ್ತು ‘ನೈತಿಕ ವ್ಯವಹಾರ’ದ ಮಾತನ್ನು ಧಾರಾಳವಾಗಿ ಆಡುತ್ತಿವೆ. ತಮ್ಮ ಕಾರ್ಖಾನೆಯೊಳಗೆ ಮಾತ್ರವಲ್ಲ, ತಮಗೆ ಕಚ್ಚಾವಸ್ತು ಪೂರೈಸುವವರಲ್ಲಿಯೂ ಬಾಲಕಾರ್ಮಿಕರು ಇರಕೂಡದು, ಜೀತ ಇರಕೂಡದು, ನೀರು ನೆಲ ಕೆಡಕೂಡದು ಎಂದು ಪೂರೈಕೆದಾರರಿಗಾಗಿ ನೀತಿಸಂಹಿತೆಗಳನ್ನು ಬರೆದುಕೊಂಡಿವೆ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅಂಗೀಕರಿಸಿದ ಮಾರ್ಗದರ್ಶಿ ತತ್ವಗಳು ಇದಕ್ಕೊಂದು ಚೌಕಟ್ಟು ಒದಗಿಸಿದವು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತ ಮೇಲೆ, ಪೂರೈಕೆದಾರನ ತಪ್ಪಿಗೂ ತನಗೂ ಸಂಬಂಧವಿಲ್ಲ ಎಂದು ಹೇಳುವ ಧೈರ್ಯ ದೊಡ್ಡ ಬ್ರ್ಯಾಂಡುಗಳಿಗೆ ಉಳಿಯಲಿಲ್ಲ. ಈ ಒಳ್ಳೆಯ ಮಾತುಗಳು ನಮ್ಮ ಕಬ್ಬಿನ ಹೊಲದವರೆಗೆ ಬಂದಿವೆಯೇ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಕಲಬುರಗಿ ಜಿಲ್ಲೆ ಎಂದರೆ ತೊಗರಿಯ ಕಣಜ ಎಂದೇ ನಾಡಿಗೆ ಪರಿಚಯ. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಭೀಮಾ ನದಿ ಮತ್ತು ಅಮರ್ಜಾ ಜಲಾಶಯದ ಆಸುಪಾಸಿನಲ್ಲಿ, ಕೊಳವೆಬಾವಿಗಳ ಬಲದಲ್ಲಿ, ಇದೇ ಜಿಲ್ಲೆ ಕಬ್ಬಿನ ನಾಡಾಗಿಯೂ ಬೆಳೆದಿದೆ. ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರ ತಾಲ್ಲೂಕಿನ ಹವಳಗಾ ಮತ್ತು ಚಿನಮಳ್ಳಿ, ಜೇವರ್ಗಿ ಸೀಮೆಯ ಮಳ್ಳಿ ಗ್ರಾಮಗಳ ಹೆಸರು ಹೊರಗಿನವರಿಗೆ ತಿಳಿದಿದ್ದರೆ ಅದು ಅಲ್ಲಿನ ಸಕ್ಕರೆ ಕಾರ್ಖಾನೆಗಳಿಂದ. ಹವಳಗಾದ ಕಾರ್ಖಾನೆ ಶ್ರೀ ರೇಣುಕಾ ಶುಗರ್ಸ್‌ನದು. ಆ ಕಂಪನಿ 2018ರಿಂದ ಸಿಂಗಪುರದ ವಿಲ್ಮಾರ್ ಸಮೂಹದ ಅಂಗಸಂಸ್ಥೆ. ಚಿನಮಳ್ಳಿಯ ಕಾರ್ಖಾನೆಯ ಹಿಂದಿರುವುದು ತಮಿಳುನಾಡಿನ ಜವಳಿ ಸಮೂಹ ಕೆಪಿಆರ್. ಮಳ್ಳಿಯದು ಉಗಾರ ಶುಗರ್ ವರ್ಕ್ಸ್. ಭೂಸನೂರಿನದು ಮೂಲತಃ ಆಳಂದ ಸಹಕಾರಿ ಸಕ್ಕರೆ ಕಾರ್ಖಾನೆ. ಅದನ್ನು ಎನ್‌ಎಸ್‌ಎಲ್ ಶುಗರ್ಸ್ ಕಂಪನಿಗೆ ದೀರ್ಘಾವಧಿಯ ಗುತ್ತಿಗೆಗೆ ಕೊಡಲಾಯಿತು.

ಭೂಸನೂರಿನ ಈ ಬದಲಾವಣೆಯಲ್ಲಿ ಒಂದು ಸೂಕ್ಷ್ಮವಿದೆ. ಸಹಕಾರಿ ವ್ಯವಸ್ಥೆಯಲ್ಲಿ ರೈತ ಕಾರ್ಖಾನೆಯ ಷೇರುದಾರ, ಅಂದರೆ ತಾತ್ವಿಕವಾಗಿಯಾದರೂ ಒಡೆಯ. ಗುತ್ತಿಗೆಯ ವ್ಯವಸ್ಥೆಯಲ್ಲಿ ಅದೇ ರೈತ, ಅದೇ ಹೊಲದಿಂದ, ಅದೇ ಗೇಟಿಗೆ ಕಬ್ಬು ತಂದರೂ ಅವನ ಸ್ಥಾನ ‘ಪೂರೈಕೆದಾರ’ನದು. ಸಹಕಾರಿ ಕಾರ್ಖಾನೆಗಳು ಹೇಗೆ ಮುಳುಗಿದವು ಎಂಬುದು ನಮಗೆಲ್ಲ ತಿಳಿದ ಕಥೆ. ಆದ್ದರಿಂದ ಹಳೆಯ ವ್ಯವಸ್ಥೆಗಾಗಿ ನಾನು ಇಲ್ಲಿ ಕೊರಗುತ್ತಿಲ್ಲ. ಆದರೆ ಒಡೆಯನಿಗೆ ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸುವ ಹಕ್ಕಿತ್ತು. ಪೂರೈಕೆದಾರನಿಗೆ ಇರುವುದು ಕಾನೂನು ಮತ್ತು ಕಂಪನಿಯ ನೀತಿಸಂಹಿತೆ ಮಾತ್ರ. ಆದಕಾರಣ ಆ ಸಂಹಿತೆ ಗಟ್ಟಿಯಾಗಿರಬೇಕಾದ ಅಗತ್ಯ ಹೆಚ್ಚು.

ಬೇರೆ ಉದ್ಯಮಗಳು ಸಾಮಾನ್ಯವಾಗಿ ಹೇಳುವ ಸಬೂಬು ಒಂದಿದೆ: ನಮ್ಮ ಕಚ್ಚಾವಸ್ತು ಹತ್ತಾರು ಕೈ ದಾಟಿ ಬರುತ್ತದೆ, ಅದರ ಮೂಲ ಪತ್ತೆ ಹಚ್ಚುವುದು ಅಸಾಧ್ಯ. ಹತ್ತಿಯ ಮಟ್ಟಿಗೆ ಈ ಮಾತು ಅಷ್ಟಿಷ್ಟು ನಿಜವಿರಬಹುದು. ಕಬ್ಬಿನ ಮಟ್ಟಿಗೆ ಇದು ಸುಳ್ಳು. ಕಡಿದ ಕಬ್ಬನ್ನು ಒಂದೆರಡು ದಿನದೊಳಗೆ ನುರಿಸದಿದ್ದರೆ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ. ಹಾಗಾಗಿ ಅದು ದೂರದ ದೇಶದಿಂದ ಬರಲಾರದು. ಸುತ್ತಲಿನ ಹಳ್ಳಿಗಳಿಂದಲೇ ಬರಬೇಕು. ಯಾವ ರೈತ ಎಷ್ಟು ಎಕರೆಯಲ್ಲಿ, ಯಾವ ತಳಿ, ಯಾವ ತಿಂಗಳು ನಾಟಿ ಮಾಡಿದ, ಅದು ಹೊಸ ನಾಟಿಯೋ ಕೂಳೆಯೋ ಎಂಬುದೆಲ್ಲ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ನೋಂದಣಿಯಾಗಿರುತ್ತದೆ. ಕಟಾವಿಗೆ ಸರದಿ ಗೊತ್ತುಮಾಡುವುದೂ ಅದೇ ವಿಭಾಗ. ತೂಕದ ಚೀಟಿಯಲ್ಲಿ ರೈತನ ಸಂಕೇತ ಸಂಖ್ಯೆ ಇರುತ್ತದೆ, ವಾಹನದ ಸಂಖ್ಯೆ ಇರುತ್ತದೆ. ಇಷ್ಟು ಕರಾರುವಾಕ್ಕಾಗಿ ತನ್ನ ಕಚ್ಚಾವಸ್ತುವಿನ ಜಾತಕ ಬಲ್ಲ ಉದ್ಯಮ ಇನ್ನೊಂದಿರಲಾರದು.

ಅಷ್ಟೆಲ್ಲ ಬಲ್ಲ ಕಾರ್ಖಾನೆಗೆ ಕಬ್ಬು ಕಡಿದವಳ ಹೆಸರು ಮಾತ್ರ ತಿಳಿದಿರುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಗಂಟು ಇರುವುದೇ ಇಲ್ಲಿ.

ಕಟಾವಿನ ವ್ಯವಸ್ಥೆಯನ್ನು ತಿಳಿಯದ ನಗರದ ಓದುಗರಿಗಾಗಿ ಅದನ್ನು ಸ್ವಲ್ಪ ವಿವರಿಸಬೇಕು. ಕಾರ್ಖಾನೆ ಕಟಾವು ಮತ್ತು ಸಾಗಣೆಗೆ ಟ್ರ್ಯಾಕ್ಟರ್ ಅಥವಾ ಲಾರಿ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡು ಮುಂಗಡ ಕೊಡುತ್ತದೆ. ಆ ಗುತ್ತಿಗೆದಾರ ಮುಕಾದಮನಿಗೆ ಮುಂಗಡ ಕೊಡುತ್ತಾನೆ. ಮುಕಾದಮ ಊರೂರು, ತಾಂಡಾ ತಾಂಡಾ ತಿರುಗಿ ಗಂಡಹೆಂಡಿರ ಜೋಡಿಗಳಿಗೆ ಮುಂಗಡ ಕೊಟ್ಟು ಗ್ಯಾಂಗ್ ಕಟ್ಟುತ್ತಾನೆ. ಮಹಾರಾಷ್ಟ್ರದ ಬೀಡ ಜಿಲ್ಲೆಯಂಥ ಬರದ ಸೀಮೆಗಳಿಂದ ಲಕ್ಷಾಂತರ ಮಂದಿ ಹೀಗೆ ಹೊರಡುತ್ತಾರೆ. ಅವರಲ್ಲಿ ಅನೇಕರು ಗಡಿ ದಾಟಿ ಕರ್ನಾಟಕಕ್ಕೂ ಬರುತ್ತಾರೆ. ಜೋಡಿಗೆ ‘ಕೊಯ್ತಾ’ ಎಂದು ಹೆಸರು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರನ್ನು ಸೇರಿಸಿ ಒಂದು ಕತ್ತಿ ಎಂದು ಲೆಕ್ಕ ಹಿಡಿಯುವ ಈ ಪದ್ಧತಿಯಲ್ಲಿ ಹೆಣ್ಣಿನ ದುಡಿಮೆಗೆ ಪ್ರತ್ಯೇಕ ಕೂಲಿ ಇಲ್ಲ, ಪ್ರತ್ಯೇಕ ಹೆಸರೂ ಇಲ್ಲ. ಹಂಗಾಮಿನ ಕೊನೆಗೆ ಕಡಿದ ಟನ್ನಿನ ಲೆಕ್ಕ ಮುಂಗಡಕ್ಕೆ ಸರಿದೂಗದಿದ್ದರೆ ಉಳಿದ ಸಾಲ ಮುಂದಿನ ವರ್ಷಕ್ಕೆ. ಮುಂಗಡ ತೀರುವವರೆಗೆ ಬೇರೆ ಕಡೆ ದುಡಿಯುವಂತಿಲ್ಲ ಎಂಬ ಸ್ಥಿತಿಗೆ 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯಲ್ಲಿ ಏನು ಹೆಸರಿದೆ ಎಂಬುದನ್ನು ಓದುಗರೇ ಊಹಿಸಬಹುದು.

ವಿಪರ್ಯಾಸವೆಂದರೆ ಈ ಕೂಲಿಯ ಹಣ ಬರುವುದು ರೈತನ ಜೇಬಿನಿಂದ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ ನಿಗದಿ ಮಾಡಿತು. ನಮ್ಮಲ್ಲಿ ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಇದರಲ್ಲೇ ಮುರಿದುಕೊಂಡು ಉಳಿದದ್ದನ್ನು ರೈತನಿಗೆ ಕೊಡಲಾಗುತ್ತದೆ. ಅಂದರೆ ಹಣ ರೈತನದು, ದರ ಕಾರ್ಖಾನೆಯದು, ಬಟವಾಡೆ ಗುತ್ತಿಗೆದಾರನದು, ಲೆಕ್ಕದ ಪುಸ್ತಕ ಮುಕಾದಮನದು. ಕೂಲಿಕಾರಳ ಕಾಲಿಗೆ ಕತ್ತಿ ತಗುಲಿದರೆ ಮಾತ್ರ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗ್ಯಾಂಗ್ ಸಿಗದೆ ಕಬ್ಬು ಹೂಬಿಟ್ಟು ನಿಂತ ರೈತ, ತಡವಾಗುತ್ತದೆಂದು ಹೆದರಿ ಮೇಲುಹಣವನ್ನೂ ಕೊಡುತ್ತಾನೆ; ಹೊಲಕ್ಕೇ ಬೆಂಕಿಯಿಟ್ಟು ಕಡಿಸುವವರೂ ಉಂಟು. ಮುಂಗಡ ಪಡೆದ ಮುಕಾದಮ ಕೈಕೊಟ್ಟರೆ ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡವನೂ ಬೀದಿಗೆ ಬೀಳುತ್ತಾನೆ. ಈ ಸರಪಳಿಯಲ್ಲಿ ಎಲ್ಲರೂ ತಮ್ಮ ಕೆಳಗಿನವರನ್ನು ಹಿಂಡಿ ಬದುಕುವಂತಾಗಿದೆ. ಕಟ್ಟಕಡೆಗೆ ಹಿಂಡಿಸಿಕೊಳ್ಳುವವಳಿಗೆ ಕೆಳಗೆ ಯಾರೂ ಇಲ್ಲ.

ಇದರ ಪರಿಣಾಮ ಏನೆಂಬುದನ್ನು ನೆರೆಯ ರಾಜ್ಯ ಕಂಡಿದೆ. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಮಹಿಳೆಯರ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಗಳು ವಿಪರೀತವಾಗಿವೆ ಎಂಬ ದೂರಿನ ಮೇಲೆ ಮಹಾರಾಷ್ಟ್ರ ಸರ್ಕಾರ 2019ರಲ್ಲಿ ನೀಲಂ ಗೋರ್ಹೆ ಅವರ ನೇತೃತ್ವದ ಸಮಿತಿ ನೇಮಿಸಿತು. ಸಮೀಕ್ಷೆಗೊಳಗಾದ 82,309 ಮಹಿಳೆಯರಲ್ಲಿ 13,861 ಮಂದಿ ಗರ್ಭಕೋಶ ಕಳೆದುಕೊಂಡಿದ್ದರು. ಮುಟ್ಟಿನ ದಿನಗಳಲ್ಲಿ ಕೆಲಸ ತಪ್ಪಿದರೆ ಕಡಿತ, ಹೊಲದಲ್ಲಿ ನೀರಿಲ್ಲ, ಶೌಚಾಲಯವಿಲ್ಲ, ಸೋಂಕು ತಗುಲಿದರೆ ಸಾಲದ ಚಿಕಿತ್ಸೆ; ಕೊನೆಗೆ ಗರ್ಭಕೋಶವೇ ಬೇಡವೆಂಬ ಹತಾಶೆ. ಕಲಬುರಗಿಯಲ್ಲಿಯೂ 2015ರ ಸುಮಾರಿಗೆ ತಾಂಡಾಗಳ ಮಹಿಳೆಯರಿಗೆ ಅನಗತ್ಯವಾಗಿ ಇಂಥ ಶಸ್ತ್ರಚಿಕಿತ್ಸೆ ಮಾಡಿದ ಆರೋಪ ಕೇಳಿಬಂದು ಆರೋಗ್ಯ ಇಲಾಖೆ ತನಿಖೆ ನಡೆಸಿತ್ತು. ಅದು ಖಾಸಗಿ ಆಸ್ಪತ್ರೆಗಳ ಮೇಲಿನ ದೂರು. ಕಬ್ಬಿಗೆ ಅದನ್ನು ನೇರವಾಗಿ ಗಂಟು ಹಾಕುವುದು ಸರಿಯಲ್ಲ. ಆದರೆ ಬಡ ಹೆಣ್ಣಿನ ದೇಹ ಎಷ್ಟು ಸುಲಭವಾಗಿ ಬೇರೆಯವರ ಲಾಭದ ಲೆಕ್ಕಕ್ಕೆ ಸೇರಿಬಿಡುತ್ತದೆ ಎಂಬುದಕ್ಕೆ ಎರಡೂ ಸಾಕ್ಷಿ.

2024ರ ಮಾರ್ಚ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಮತ್ತು ಫುಲ್ಲರ್ ಪ್ರಾಜೆಕ್ಟ್ ಸಂಸ್ಥೆ ಮಹಾರಾಷ್ಟ್ರದ ಈ ಸ್ಥಿತಿಯ ತನಿಖಾ ವರದಿ ಪ್ರಕಟಿಸಿದವು. ಅಲ್ಲಿಂದ ಸಕ್ಕರೆ ಕೊಳ್ಳುವವರಲ್ಲಿ ಕೋಕ-ಕೋಲ, ಪೆಪ್ಸಿಕೋದಂಥ ಕಂಪನಿಗಳೂ ಇವೆ ಎಂದು ಜಗತ್ತಿಗೆ ತಿಳಿಯಿತು. ಗಮನಿಸಬೇಕಾದುದು, ಇವೆರಡೂ ಪೂರೈಕೆದಾರರ ನೀತಿಸಂಹಿತೆ ಇಲ್ಲದ ಕಂಪನಿಗಳಲ್ಲ. ಕಬ್ಬಿನ ಹೊಲಗಳಲ್ಲಿ ಬಾಲಕಾರ್ಮಿಕರು ಮತ್ತು ಬಲವಂತದ ದುಡಿಮೆಯ ಬಗ್ಗೆ ಅಧ್ಯಯನ ಮಾಡಿಸುವುದಾಗಿ ಕೋಕ-ಕೋಲ 2013ರಲ್ಲೇ ವಚನ ಕೊಟ್ಟಿತ್ತು. ಸಂಹಿತೆ ಇತ್ತು, ತಪಾಸಣೆ ಇತ್ತು, ವಚನವೂ ಇತ್ತು. ಹೊಲದಲ್ಲಿ ಮಾತ್ರ ಏನೂ ಇರಲಿಲ್ಲ.

ಹಾಗಾದರೆ ಈ ಸಂಹಿತೆಗಳೆಲ್ಲ ಬೂಟಾಟಿಕೆಯೇ? ಹಾಗೆ ಸಾರಾಸಗಟಾಗಿ ತೀರ್ಪು ಕೊಡಲು ನಾನು ಸಿದ್ಧನಿಲ್ಲ. ನಮ್ಮ ರಾಜ್ಯದಲ್ಲಿಯೇ ಅವು ಕೆಲಸ ಮಾಡಿದ ಉದಾಹರಣೆಗಳಿವೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನ ಸರಿಯಾಗಿ ಸಿಗದೆ ರೊಚ್ಚಿಗೆದ್ದ ಕಾರ್ಮಿಕರಿಂದ ದಾಂದಲೆ ನಡೆಯಿತು. ಆಪಲ್ ಕಂಪನಿ ತನ್ನ ಪೂರೈಕೆದಾರರ ಸಂಹಿತೆಯ ಉಲ್ಲಂಘನೆಯನ್ನು ಒಂದೇ ವಾರದಲ್ಲಿ ಒಪ್ಪಿಕೊಂಡು, ಲೋಪ ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ವಿಸ್ಟ್ರಾನ್‌ಗೆ ತಾಕೀತು ಮಾಡಿತು. ರಾಜ್ಯದ ಸಿದ್ಧಉಡುಪು ಕಾರ್ಮಿಕರಿಗೆ 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತಿಂಗಳಿಗೆ 417 ರೂಪಾಯಿ 60 ಪೈಸೆಯ ತುಟ್ಟಿಭತ್ಯೆಯನ್ನು ಕಾರ್ಖಾನೆಗಳು ತಡೆಹಿಡಿದಾಗ, ಸಂಘಟನೆಗಳ ಹೋರಾಟದ ಜೊತೆಗೆ ವಿದೇಶಿ ಬ್ರ್ಯಾಂಡುಗಳ ಒತ್ತಡವೂ ಸೇರಿದ್ದರಿಂದಲೇ ಬಾಕಿ ಬಿಡುಗಡೆಯಾಗತೊಡಗಿತು.

ನರಸಾಪುರದಲ್ಲಿ ಸಾಧ್ಯವಾದದ್ದು ಕಬ್ಬಿನ ಹೊಲದಲ್ಲಿ ಯಾಕೆ ಆಗುವುದಿಲ್ಲ? ನರಸಾಪುರದಲ್ಲಿ ಕಾರ್ಮಿಕನಿಗೆ ಗುರುತಿನ ಚೀಟಿ ಇತ್ತು, ಹಾಜರಿ ದಾಖಲೆ ಇತ್ತು, ಬ್ಯಾಂಕ್ ಖಾತೆಗೆ ಎಷ್ಟು ಬಂತು ಎಂಬ ಪುರಾವೆ ಇತ್ತು. ವಂಚನೆ ನಡೆದರೂ ಅದನ್ನು ದಾಖಲೆಯಿಂದ ತೋರಿಸಬಹುದಿತ್ತು. ಕಬ್ಬು ಕಡಿಯುವವಳ ಬಳಿ ತೋರಿಸಲು ಒಂದು ಚೀಟಿಯೂ ಇಲ್ಲ. ತಪಾಸಣೆಗೆ ಬರುವ ಅಧಿಕಾರಿ ದಿನಾಂಕ ತಿಳಿಸಿ ಬಂದು, ಬಾಯ್ಲರ್ ನೋಡಿ, ತ್ಯಾಜ್ಯನೀರಿನ ಘಟಕ ನೋಡಿ, ಅತಿಥಿಗೃಹದಲ್ಲಿ ಕಡತ ತಿರುವಿ ಹೋದರೆ ಅವನ ಕಣ್ಣಿಗೆ ಅವಳು ಬೀಳುವುದೇ ಇಲ್ಲ. ಕಡತದಲ್ಲಿ ಇಲ್ಲದವರ ಮೇಲೆ ಅನ್ಯಾಯ ನಡೆದಿದೆಯೆಂದು ಯಾವ ಲೆಕ್ಕಪರಿಶೋಧಕನೂ ಬರೆಯಲಾರ.

ನಮ್ಮ ಕಾನೂನುಗಳೂ ಇದೇ ಕುರುಡನ್ನು ಪೋಷಿಸುತ್ತಿವೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಹೊಣೆಯುತ ವ್ಯವಹಾರದ ಒಂಬತ್ತು ತತ್ವಗಳಲ್ಲಿ ಮೂರನೆಯದು, ಕಂಪನಿಯ ನೌಕರರಷ್ಟೇ ಅಲ್ಲದೆ ಅದರ ಪೂರೈಕೆ ಸರಪಳಿಯಲ್ಲಿ ದುಡಿಯುವವರ ಕ್ಷೇಮವನ್ನೂ ಗೌರವಿಸಬೇಕೆನ್ನುತ್ತದೆ. ಷೇರುಪೇಟೆಯ ಅಗ್ರ ಸಾವಿರ ಕಂಪನಿಗಳು ಈ ತತ್ವಗಳ ಪಾಲನೆಯ ವರದಿ ಕೊಡುವುದನ್ನು ಸೆಬಿ 2022-23ರಿಂದ ಕಡ್ಡಾಯ ಮಾಡಿತು. ಆದರೆ ಸರಪಳಿಯ ವಿವರ ನೀಡುವ ಪ್ರಶ್ನೆ ಬಂದಾಗ, ಕಂಪನಿಯ ಖರೀದಿಯಲ್ಲಿ ಶೇ 2 ಅಥವಾ ಅದಕ್ಕಿಂತ ಹೆಚ್ಚಿನ ಪಾಲುಳ್ಳವರನ್ನು ಮಾತ್ರ ಗಣಿಸಿದರೆ ಸಾಕೆಂದು ನಿಯಮ ಸಡಿಲವಾಯಿತು; ಅದೂ ಕಡ್ಡಾಯವಲ್ಲ, ಐಚ್ಛಿಕ. ಮೂರು ಎಕರೆ ಕಬ್ಬು ಬೆಳೆಯುವ ಆಳಂದದ ರೈತ ಯಾವ ಜನ್ಮದಲ್ಲಿ ಒಂದು ಸಕ್ಕರೆ ಕಂಪನಿಯ ಖರೀದಿಯಲ್ಲಿ ಶೇ 2 ಆಗುತ್ತಾನೆ? ಸಾವಿರಾರು ಸಣ್ಣ ಕೈಗಳು ಕೂಡಿ ನಡೆಸುವ ಉದ್ಯಮದಲ್ಲಿ ಈ ಅಳತೆಗೋಲು ಹಿಡಿದರೆ ಸಿಮೆಂಟು, ಸುಣ್ಣ, ಗೋಣಿಚೀಲದ ವ್ಯಾಪಾರಿ ಪೂರೈಕೆದಾರನೆನಿಸಬಹುದು, ಕಬ್ಬು ಕೊಟ್ಟವನು ಅಲ್ಲ. ಇನ್ನು ಷೇರುಪೇಟೆಗೆ ಬಾರದ ಕಂಪನಿಗಳಿಗೆ ಈ ವರದಿಯ ಕಟ್ಟುಪಾಡೇ ಇಲ್ಲ. ಯುರೋಪ್ ಒಕ್ಕೂಟ 2024ರಲ್ಲಿ ಇಂಥದೇ ಹೊಣೆಗಾರಿಕೆಯ ಕಾನೂನು ತಂದು, 2025ರಲ್ಲಿ ತಾನೇ ಅದರ ಜಾರಿಯನ್ನು ಮುಂದೂಡಿತು. ಹೊರಗಿನವರ ಕಾನೂನು ಬಂದು ನಮ್ಮ ಹೊಲವನ್ನು ಕಾಯುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಕಾರ್ಖಾನೆಗಳ ಪಕ್ಷದ ಮಾತನ್ನೂ ಕೇಳಬೇಕು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿಗೆ ನಿಗದಿಯಾಗಿ ವರ್ಷಗಟ್ಟಲೆ ಅಲ್ಲಿಯೇ ನಿಂತಿತು; ಅದೇ ಅವಧಿಯಲ್ಲಿ ಕಬ್ಬಿನ ಬೆಲೆ ಏರುತ್ತ ಹೋಯಿತು. ರಫ್ತು, ಎಥೆನಾಲ್ ಎರಡರ ಕೀಲಿಯೂ ಕೇಂದ್ರದ ಕೈಯಲ್ಲಿ. ಮುಂಗಡದ ಹಣ ಮುಳುಗುವ ಭಯವೂ ಅವರಿಗಿದೆ. ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ಇವುಗಳಲ್ಲಿ ಯಾವುದೂ ಕಡಿದವರ ಹೆಸರು ಬರೆದಿಡುವುದಕ್ಕೆ ಅಡ್ಡಿಯಲ್ಲ. ಹೆಸರು ಬರೆಯಲು ಎಥೆನಾಲ್ ನೀತಿ ಬದಲಾಗಬೇಕಿಲ್ಲ.

ಆದ್ದರಿಂದ ನನ್ನ ಮೊದಲ ಬೇಡಿಕೆ ಅತ್ಯಂತ ಸರಳವಾದುದು. ರೈತನ ಹೆಸರು, ವಾಹನದ ಸಂಖ್ಯೆ ಇರುವ ಕಾರ್ಖಾನೆಯ ಗಣಕಯಂತ್ರದಲ್ಲಿಯೇ ಪ್ರತಿ ಗ್ಯಾಂಗಿನ ಪ್ರತಿಯೊಬ್ಬ ಗಂಡು, ಪ್ರತಿಯೊಬ್ಬ ಹೆಣ್ಣಿನ ಹೆಸರು, ವಯಸ್ಸು, ಪಡೆದ ಮುಂಗಡ ದಾಖಲಾಗಲಿ. ಜೋಡಿಗೆ ಒಂದು ಲೆಕ್ಕ ಎಂಬ ಪದ್ಧತಿ ನಿಲ್ಲಲಿ. ಹೆಣ್ಣಿನ ಕೂಲಿ ಅವಳ ಖಾತೆಗೇ ಜಮೆಯಾಗಲಿ. ಮಹಾರಾಷ್ಟ್ರ ಗೋಪಿನಾಥ ಮುಂಡೆ ಅವರ ಹೆಸರಿನಲ್ಲಿ ಕಬ್ಬು ಕಡಿಯುವ ಕಾರ್ಮಿಕರ ಕಲ್ಯಾಣ ಮಂಡಳಿ ರಚಿಸಿ, ನುರಿಸಿದ ಪ್ರತಿ ಟನ್ನಿಗೆ 10 ರೂಪಾಯಿಯನ್ನು ಕಾರ್ಖಾನೆಗಳಿಂದ ಪಡೆಯುವ ತೀರ್ಮಾನ ಮಾಡಿತು. ಅದರ ಅನುಷ್ಠಾನದಲ್ಲಿ ಕುಂದುಗಳಿರಬಹುದು, ದಿಕ್ಕು ಸರಿಯಾದುದು. ಕರ್ನಾಟಕವೂ ಅದನ್ನು ಅನುಸರಿಸಬೇಕು. ಹೊಲದ ಬಳಿ ಕುಡಿಯುವ ನೀರು, ತಾತ್ಕಾಲಿಕ ಶೌಚಾಲಯ, ಮಕ್ಕಳಿಗೆ ಹಂಗಾಮು ಶಾಲೆ, ಅಪಘಾತ ವಿಮೆ ಈ ಹಣದಿಂದ ಆಗಬಹುದಾದ ಕೆಲಸಗಳು.

ಎರಡನೆಯದು ರೈತನಿಗೆ ಸಂಬಂಧಿಸಿದ್ದು. ಕಬ್ಬು ಪಡೆದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವಾರ್ಷಿಕ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಯಾವ ಕಾರ್ಖಾನೆ ಎಷ್ಟನೆಯ ದಿನ ಪಾವತಿಸಿತು ಎಂಬುದನ್ನು ಹಂಗಾಮಿನ ಉದ್ದಕ್ಕೂ ಬಹಿರಂಗಪಡಿಸುವ ಕಂಪನಿಯನ್ನು ಮಾತ್ರ ನೈತಿಕ ಕಂಪನಿ ಎಂದು ಕರೆಯೋಣ. ತಮ್ಮ ಪೂರೈಕೆದಾರನಿಗೆ ಕಾನೂನಿನ ಗಡುವಿನಲ್ಲಿ ಹಣ ಕೊಡದವರು ಅವನಿಗೆ ಬಾಲಕಾರ್ಮಿಕರ ಬಗ್ಗೆ ಉಪದೇಶ ಮಾಡುವುದು ವಿಚಿತ್ರ. ಗ್ಯಾಂಗನ್ನು ಕಳಿಸುವುದು ಕಾರ್ಖಾನೆ; ಗ್ಯಾಂಗಿನಲ್ಲಿ ಮಗು ಕಂಡುಬಂದರೆ ರೈತನ ಸಹಿಯಿರುವ ಪತ್ರ ತೋರಿಸಿ ಪಾರಾಗುವಂತಾಗಬಾರದು.

ಮೂರನೆಯದು ನೀರು. ಒಂದು ಕಿಲೋ ಸಕ್ಕರೆಯ ಹಿಂದೆ ಒಂದೂವರೆಯಿಂದ ಎರಡು ಸಾವಿರ ಲೀಟರ್ ನೀರಿದೆ ಎಂಬುದು ಸಾಮಾನ್ಯ ಅಂದಾಜು. ಮಳೆಯನ್ನೇ ನಂಬಿ ತೊಗರಿ ಬೆಳೆಯುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕಾರ್ಖಾನೆಯೊಳಗೆ ನೀರಿನ ಮರುಬಳಕೆಯ ಲೆಕ್ಕ ಕೊಟ್ಟು ಬೆನ್ನು ತಟ್ಟಿಕೊಳ್ಳುವ ಕಂಪನಿಗಳು, ತಾವು ನೋಂದಣಿ ಮಾಡಿಕೊಂಡ ಕಬ್ಬಿನಲ್ಲಿ ಎಷ್ಟು ಎಕರೆಗೆ ಹನಿ ನೀರಾವರಿ ಬಂದಿದೆ, ಎಷ್ಟು ಹೊಲದಲ್ಲಿ ರವದಿ ಸುಡದೆ ಮಣ್ಣಿಗೆ ಸೇರಿದೆ ಎಂಬ ಲೆಕ್ಕವನ್ನೂ ಕೊಡಬೇಕು. ಅದಕ್ಕೆ ತಗಲುವ ವೆಚ್ಚದಲ್ಲಿ ಪಾಲನ್ನೂ ಹೊರಬೇಕು.

ಕೊನೆಯದಾಗಿ, ಸಕ್ಕರೆ ಕೊಳ್ಳುವ ಪಾನೀಯ, ಬಿಸ್ಕತ್ತು, ಔಷಧ ಕಂಪನಿಗಳ ಹೊಣೆ. ದೂರು ಬಂದ ಕೂಡಲೇ ಖರೀದಿ ನಿಲ್ಲಿಸಿ ಕೈತೊಳೆದುಕೊಳ್ಳುವುದು ನೀತಿಯಲ್ಲ. ಒಂದು ಕಾರ್ಖಾನೆಯ ಸುತ್ತಲಿನ ರೈತ ತನ್ನ ಹೊಲವನ್ನು ಹೊತ್ತುಕೊಂಡು ಬೇರೆ ಕಾರ್ಖಾನೆಯ ಬಳಿಗೆ ಹೋಗಲಾರ. ಖರೀದಿದಾರ ಅಲ್ಲಿಯೇ ಉಳಿದು, ದೀರ್ಘಾವಧಿಯ ಒಪ್ಪಂದ ಕೊಟ್ಟು, ಸುಧಾರಣೆಯ ಖರ್ಚಿನಲ್ಲಿ ಭಾಗಿಯಾಗಬೇಕು. ತಪಾಸಣೆ ಕಾರ್ಖಾನೆಯ ಕಚೇರಿಯಲ್ಲಿ ಅಲ್ಲ, ಹಂಗಾಮಿನ ನಡುವೆ, ಮುನ್ಸೂಚನೆ ಇಲ್ಲದೆ, ಕಟಾವು ನಡೆಯುವ ಹೊಲದಲ್ಲಿ, ಹೆಣ್ಣುಮಕ್ಕಳ ಭಾಷೆ ಬಲ್ಲ ಹೆಣ್ಣುಮಕ್ಕಳಿಂದ ನಡೆಯಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಶೇ 10ರ ಇಳುವರಿಯಲ್ಲಿ ಒಂದು ಟನ್ ಕಬ್ಬಿನಿಂದ ನೂರು ಕಿಲೋ ಸಕ್ಕರೆ ಬರುತ್ತದೆ. ಟನ್ನಿಗೆ 10 ರೂಪಾಯಿ ಎಂದರೆ ಕಿಲೋ ಸಕ್ಕರೆಗೆ 10 ಪೈಸೆ. ಅದನ್ನು ಐದು ಪಟ್ಟು ಹೆಚ್ಚಿಸಿದರೂ 50 ಪೈಸೆ. ತಿಂಗಳಿಗೆ ನಾಲ್ಕು ಕಿಲೋ ಸಕ್ಕರೆ ಬಳಸುವ ನಮ್ಮಂಥ ಕುಟುಂಬಕ್ಕೆ ಎರಡು ರೂಪಾಯಿಯ ಹೊರೆ. ಮಧ್ಯಮವರ್ಗದ ಯಾವ ಮನೆಯ ಲೆಕ್ಕವೂ ಇದರಿಂದ ಏರುಪೇರಾಗುವುದಿಲ್ಲ. ಕಬ್ಬು ಕಡಿಯುವವಳಿಗೆ ಮಾತ್ರ ಇದು ಶೌಚಾಲಯ, ಶಾಲೆ, ವಿಮೆ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ ಇದ್ದ 1979ರ ಕಾಯ್ದೆ ಅವುಗಳಲ್ಲಿ ಲೀನವಾಗಿದೆ. ಅವುಗಳಡಿ ಕಬ್ಬಿನ ಕಟಾವಿನ ಪ್ರಧಾನ ಉದ್ಯೋಗದಾತ ಯಾರು ಎಂಬುದನ್ನು ರಾಜ್ಯ ಸರ್ಕಾರ ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಪಷ್ಟಪಡಿಸಬೇಕು. ನನ್ನ ಉತ್ತರವಂತೂ ಸ್ಪಷ್ಟ: ಯಾವ ದಿನ, ಯಾವ ಹೊಲ, ಯಾವ ದರಕ್ಕೆ ಕಡಿಯಬೇಕೆಂದು ನಿರ್ಧರಿಸುವವರೇ ಉದ್ಯೋಗದಾತರು. ಮುಂದಿನ ಹಂಗಾಮಿನ ಪೂರ್ವಭಾವಿ ಸಭೆಯಲ್ಲಿ ಜಿಲ್ಲಾಧಿಕಾರಿಗಳು ಟನ್ನಿನ ಬೆಲೆಯ ಜೊತೆಗೆ ಈ ವಿಷಯವನ್ನೂ ಕಾರ್ಯಸೂಚಿಗೆ ಸೇರಿಸಲಿ. ಗ್ಯಾಂಗಿನ ಹಾಜರಿ ಪಟ್ಟಿ ಕೊಡದ ಕಾರ್ಖಾನೆ, ತನ್ನ ಸುಸ್ಥಿರತೆಯ ವರದಿಯನ್ನು ಎಷ್ಟೇ ನುಣುಪಾದ ಕಾಗದದಲ್ಲಿ ಅಚ್ಚು ಹಾಕಿಸಿದರೂ, ನಾವು ಅದನ್ನು ನಂಬಬೇಕಾಗಿಲ್ಲ.